ಗೋಡೆಯೊಳಗಿನ ಪೈಪು: ಉಳಿತಾಯ ಯಾರಿಗೆ, ಕಷ್ಟ ಯಾರಿಗೆ?

ಶಿವಮೊಗ್ಗ: ನಗರದಲ್ಲಿ ನಾಲ್ಕಂತಸ್ತು, ಐದಂತಸ್ತಿನ ಕಟ್ಟಡಗಳು ಏಳುತ್ತಲೇ ಇವೆ. ಮನೆ ಕೊಳ್ಳಲು ಬಂದವರು ನೆಲದ ಕಲ್ಲು ನೋಡುತ್ತಾರೆ, ನಲ್ಲಿಯ ಹೊಳಪು ನೋಡುತ್ತಾರೆ, ಬಾಗಿಲು ತೇಗವೇ ಅಂತ ತಟ್ಟಿ ನೋಡುತ್ತಾರೆ. ಮೇಲಿನ ಮನೆಯ ಕಕ್ಕಸಿನ ನೀರು ಯಾವ ಪೈಪಿನಲ್ಲಿ ಇಳಿಯುತ್ತದೆ ಎಂದು ಕೇಳುವವರೇ ಕಡಿಮೆ. ಕೇಳದವರಿಗೆ ಒಕ್ಕಲು ಬಂದ ಮೊದಲ ರಾತ್ರಿಯೇ ಉತ್ತರ ಸಿಗುತ್ತದೆ. ಮೇಲೆ ಫ್ಲಶ್ ಒತ್ತಿದರೆ ಕೆಳಗಿನವರ ದಿಂಬಿನ ಪಕ್ಕದಲ್ಲೇ ಜೋಗದ ಜಲಪಾತ!

ಹಿಂದೆ ಮಹಡಿ ಕಟ್ಟಡ ಅಂದರೆ ಬೀಡಿನ ಪೈಪು. ಮೇಸ್ತ್ರಿಗಳ ಬಾಯಲ್ಲಿ ಅದು 'ಸಿ.ಐ. ಪೈಪು'. ಕೀಲಿಗೆ ಸೆಣಬು ತುರುಕಿ, ಸೀಸ ಕಾಯಿಸಿ ಸುರಿದು, ಬಡಿದು ಕೂರಿಸುತ್ತಿದ್ದರು. ಈಗ ಸಲ್ಯೂಷನ್ ಹಚ್ಚಿ ಒತ್ತಿದರೆ ಪಿ.ವಿ.ಸಿ. ಪೈಪಿನ ಕೆಲಸ ಮುಗಿಯಿತು. ಹಗುರ, ಅಗ್ಗ, ಬೇಗ. ಕಂಟ್ರಾಕ್ಟರಿಗೆ ಇನ್ನೇನು ಬೇಕು?

ಆದರೆ ಆ ಹಗುರದಲ್ಲೇ ಇದೆ ಗುಟ್ಟು. ಬೀಡು ಪಿ.ವಿ.ಸಿ.ಗಿಂತ ಸುಮಾರು ಐದು ಪಟ್ಟು ತೂಕದ ವಸ್ತು. ಗೋಡೆ ದಪ್ಪ, ಮೈ ಭಾರ. ಒಳಗೆ ನೀರು ಬಿದ್ದರೂ ಅಷ್ಟಾಗಿ ಅದುರುವುದಿಲ್ಲ, ಸದ್ದು ಒಳಗೇ ಅಡಗುತ್ತದೆ. ಬಿಸಿಲಿನ ಮಾತು ಕೇಳಿ. ಬಿಸಿ 30 ಡಿಗ್ರಿ ಏರಿದರೆ 10 ಮೀಟರ್ ಉದ್ದದ ಪಿ.ವಿ.ಸಿ. ಪೈಪು ಹತ್ತಿರಹತ್ತಿರ 2 ಸೆಂಟಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಬೀಡು ಹಿಗ್ಗುವುದು ಸುಮಾರು 3 ಮಿಲಿಮೀಟರ್. ಹಿಗ್ಗಲು ಜಾಗ ಬಿಡದ ಕಡೆ ಮೊದಲು ಬಿಟ್ಟುಕೊಳ್ಳುವುದು ಕೀಲು.

ಇದೆಲ್ಲ ಸಹಿಸಬಹುದು. ಬೆಂಕಿಯ ವಿಷಯ ಹಾಗಲ್ಲ. ಪಿ.ವಿ.ಸಿ. ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಬೀಡು ಕರಗಲು 1,100 ಡಿಗ್ರಿಗೂ ಮೇಲೆ ಬೇಕು. ಪ್ಲಾಸ್ಟಿಕ್ ಪೈಪು ಕರಗಿ ಬಿದ್ದರೆ ತಾರಸಿಯಲ್ಲಿ ಉಳಿಯುವುದು ಒಂದು ತೂತು. ಹೊಗೆ ಆ ತೂತಿನಿಂದಲೇ ಅಂತಸ್ತು ಹತ್ತುತ್ತದೆ. ಜೊತೆಗೆ ಪಿ.ವಿ.ಸಿ. ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಉಸಿರು ಕಟ್ಟಿಸುವ ಅನಿಲ. ನರ್ಸಿಂಗ್ ಹೋಮಿನ ಮೂರನೇ ಮಹಡಿಯಲ್ಲಿ ಏಳಲಾರದೆ ಮಲಗಿದ ರೋಗಿ ಎಲ್ಲಿಗೆ ಓಡಬೇಕು? ಪ್ಲಾಸ್ಟಿಕ್ ಪೈಪಿಗೂ ಬೆಂಕಿ ತಡೆಯುವ ಕಾಲರ್ ಉಂಟು. ಅದಕ್ಕೂ ದುಡ್ಡು ಬಿಚ್ಚಬೇಕಷ್ಟೆ.

ಹಾಗಂತ ಬೀಡಿನಲ್ಲಿ ದೋಷವೇ ಇಲ್ಲವೆಂದಲ್ಲ. ಬೆಲೆ ಹೆಚ್ಚು, ಹೊರಲು ಆಳು ಬೇಕು, ಗಟ್ಟಿ ಕ್ಲಾಂಪು ಬೇಕು. ಜೋರು ಪೆಟ್ಟು ಬಿದ್ದರೆ ಸೀಳುತ್ತದೆ, ಬಣ್ಣ ಕಾಣದಿದ್ದರೆ ತುಕ್ಕು ಹಿಡಿಯುತ್ತದೆ, ಆಸಿಡ್ ಸುರಿದರೆ ಸವೆಯುತ್ತದೆ. ಒಂದೇ ಅಂತಸ್ತಿನ ಮನೆಗೆ ಪಿ.ವಿ.ಸಿ. ಸಾಕು. ಬೀಡು ಬೇಕಾದದ್ದು ಆಸ್ಪತ್ರೆ, ಲಾಡ್ಜು, ಬಹುಮಹಡಿ ವಸತಿಗಳಲ್ಲಿ. ಅಲ್ಲೂ ಮೇಲಿಂದ ಕೆಳಗೆ ಇಳಿಯುವ ಮುಖ್ಯ ಪೈಪಿಗೆ. ಸೀಸ ಕಾಯಿಸುವ ರಗಳೆಯೂ ಈಗಿಲ್ಲ. ಕೊರಳಿಲ್ಲದ ಬೀಡಿನ ಪೈಪುಗಳ ತುದಿ ಕೂಡಿಸಿ, ರಬ್ಬರ್ ತೊಡಿಸಿ, ಸ್ಟೀಲ್ ಪಟ್ಟಿ ಬಿಗಿದರೆ ಕೀಲು ಸಿದ್ಧ. ಇದಕ್ಕೆ ಐ.ಎಸ್. 15905 ಎಂಬ ಭಾರತೀಯ ಮಾನಕವೇ ಇದೆ.

ತಮಾಷೆ ಏನೆಂದರೆ, ಈ ಜಿಲ್ಲೆಗೆ ಬೀಡು ಹೊಸದಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಹರಿಯಿತು. ಬೀಡಿನ ಪೈಪು ಎರೆದು ಊರೂರಿಗೆ ಕಳಿಸಿದ ಫೌಂಡ್ರಿಯೂ ಅಲ್ಲಿತ್ತು. 2023ರ ಜನವರಿಯಲ್ಲಿ ಸೈಲ್ ಆಡಳಿತ ಮಂಡಳಿ ಆ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಮಾಡಿದಾಗ ಕಾರ್ಮಿಕರು ಬೀದಿಗಿಳಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಪೈಪಿನಲ್ಲಿ ಉಳಿದ ಹಣ ಕಟ್ಟಿಸಿದವನ ಜೇಬಿಗೆ ಒಂದೇ ಸಲ ಹೋಗುತ್ತದೆ. ಸೋರಿಕೆ, ಸದ್ದು, ಬೆಂಕಿಯ ಭಯ ವಾಸ ಮಾಡುವವರ ಪಾಲಿಗೆ ದಿನವೂ ಉಳಿಯುತ್ತವೆ. ಗೋಡೆಗೆ ಗಾರೆ ಮೆತ್ತಿದ ಮೇಲೆ ಜಗಳವಾಡಿ ಫಲವಿಲ್ಲ. ಕರಾರು ಪತ್ರಕ್ಕೆ ರುಜು ಹಾಕುವ ಮುಂಚೆ, ಇಳಿಯುವ ಪೈಪು ಯಾವುದು ಅಂತ ಒಂದು ಸಾಲು ಬರೆಸಿಕೊಳ್ಳಿ. ಆ ಒಂದು ಸಾಲಿಗೆ ಕಾಸು ಖರ್ಚಿಲ್ಲ.