ಅಳೆಯುವ ಕೈಗೆ ಪರವಾನಗಿ ಬೇಕೇ?

ಭೂಮಾಪಕರಿಗೆ ಸರ್ಕಾರದ ಪರವಾನಗಿ ಏತಕ್ಕೆ, ಯಂತ್ರ ಬಲ್ಲವರೆಲ್ಲ ಅಳೆಯಲಿ ಬಿಡಿ ಎಂಬ ವಾದವೊಂದಿದೆ. ಬೆಳೆಗಾರನಿಗೆ ಇದು ಹಿತವಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೂ ನೋಂದಣಿಗೆ ಮೊದಲು 11-ಇ ನಕ್ಷೆ ಆಗಬೇಕು. ಅರ್ಜಿ ಕೊಟ್ಟು ಭೂಮಾಪಕರ ದಾರಿ ಕಾಯುತ್ತ ಕೂತವನಿಗೆ ಪರವಾನಗಿಯೇ ಅಡ್ಡಗೋಡೆಯಾಗಿ ಕಾಣುವುದು ಸಹಜ.

ಆದರೆ ನಮ್ಮ ರಾಜ್ಯದಲ್ಲಿ ಈ ಪರವಾನಗಿ ಬಾಗಿಲು ಮುಚ್ಚಲು ಬಂದದ್ದಲ್ಲ, ತೆರೆಯಲು ಬಂದದ್ದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಗೆ ಆಮೇಲೆ ಸೇರಿಸಿದ 18-ಎ ಕಲಮಿನಿಂದಲೇ ಸರ್ಕಾರಿ ನೌಕರರಲ್ಲದವರಿಗೂ ಅಳೆಯುವ ಅಧಿಕಾರ ದೊರೆತದ್ದು.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭಾರತೀಯರು ನಕ್ಷೆ ತಯಾರಿಸಲು ಪೂರ್ವಾನುಮತಿ ಬೇಡವೆಂದು ಮಾರ್ಗಸೂಚಿ ಹೊರಡಿಸಿತು. ಇದು ಸರಿಯಾದ ಕ್ರಮ. ಬಸಿಗಾಲುವೆ, ನೀರಿನ ಪೈಪು, ಗಿಡದ ಲೆಕ್ಕ ಇವಕ್ಕೆಲ್ಲ ಊರಿನ ಹುಡುಗನೊಬ್ಬ ಡ್ರೋನಿನಿಂದ ನಕ್ಷೆ ಮಾಡಿಕೊಟ್ಟರೆ ಯಾರಿಗೇನು ನಷ್ಟ? ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ ಅಂಥ ಕೆಲಸಕ್ಕೂ ಭೂಮಾಪಕರ ಪರವಾನಗಿ ಬೇಕೆಂದು ಅಲ್ಲಿನ ಮಂಡಳಿ ಹಟ ಹಿಡಿಯಿತು; 2024ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅಷ್ಟು ಬಿಗಿ ನಮಗೆ ಬೇಡ.

ಗಡಿಕಲ್ಲಿನ ಮಾತು ಬೇರೆ. ಅಡುಗೆಯವನು ಕೆಟ್ಟರೆ ಕರೆದವನ ಊಟ ಕೆಡುತ್ತದೆ. ಭೂಮಾಪಕ ತಪ್ಪಿದರೆ, ಅವನನ್ನು ಕರೆಯದೇ ಇದ್ದ ನೆರೆಯವನ ತೋಟ ಹೋಗುತ್ತದೆ. ಮೂವತ್ತಮೂರು ಅಡಿ ಚೌಕವಾದರೆ ಒಂದು ಗುಂಟೆ. 9 ಅಡಿ ಅಂತರದಲ್ಲಿ ಅದರಲ್ಲಿ ಹದಿಮೂರು ಅಡಿಕೆ ಮರ. ಮರದ ನೆರಳಿನಲ್ಲಿ ಮೊಬೈಲು ತೋರಿಸುವ ಜಾಗ ನಾಲ್ಕೈದು ಮೀಟರು ಆಚೀಚೆಯಾಗುವುದು ಸಾಮಾನ್ಯ. ಎಂದರೆ ಒಂದು ಸಾಲಿಗಿಂತ ಹೆಚ್ಚು! ಕಾಫಿ ತೋಟದ ಇಳಿಜಾರಂತೂ ಇನ್ನೂ ಮೋಸದ್ದು. ನಕ್ಷೆಯಲ್ಲಿ ಲೆಕ್ಕಕ್ಕೆ ಬರುವುದು ಮಟ್ಟದ ಅಳತೆ. 20 ಡಿಗ್ರಿ ಇಳಿಜಾರಿನಲ್ಲಿ 33 ಅಡಿ ಸರಪಳಿಯನ್ನು ನೆಲಕ್ಕೇ ಹಾಸಿದರೆ ನಕ್ಷೆಗೆ ಸಲ್ಲುವುದು 31 ಅಡಿ ಮಾತ್ರ. ಇಷ್ಟಾಗಿಯೂ ಯಂತ್ರದ ಜ್ಞಾನವೊಂದೇ ಸಾಲದು. ಹಳೆಯ ಟಿಪ್ಪಣಿ ಓದಲು, ಖರಾಬು ಗುರುತಿಸಲು, ಹೂತುಹೋದ ಬಾಂದುಕಲ್ಲು ಹುಡುಕಲು ಬರಬೇಕು. ಅದನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಒಬ್ಬನನ್ನು ಇನ್ನೊಬ್ಬರ ಬೇಲಿಯ ಮೇಲೆ ಬಿಡಬೇಕು.

ಹೀಗೆಂದು ಈಗಿರುವುದೆಲ್ಲ ಸರಿ ಎಂದು ನಾವು ಹೇಳುತ್ತಿಲ್ಲ. ಪರವಾನಗಿ ಕೊಟ್ಟ ಸರ್ಕಾರ ಜವಾಬ್ದಾರಿಯನ್ನೂ ಕೊಡಬೇಕು. ಅಳತೆ ಮುಗಿದ ಸ್ಥಳದಲ್ಲೇ ಅಳತೆಯ ಅಂಕಿಗಳ ಪ್ರತಿ ಜಮೀನುದಾರನ ಕೈಗೂ ನೆರೆಯವರ ಕೈಗೂ ಸಿಗಬೇಕು. ತಪ್ಪು ಕಲ್ಲು ನೆಟ್ಟವನಿಂದಲೇ, ಅವನ ಖರ್ಚಿನಲ್ಲಿ, ಮರು ಅಳತೆ ಆಗಬೇಕು. ಪರವಾನಗಿದಾರರ ಹೆಸರು ಮತ್ತು ಶುಲ್ಕದ ದರ ಗ್ರಾಮ ಪಂಚಾಯತಿ ಗೋಡೆಯ ಮೇಲೂ ಇರಲಿ. ನಿಗದಿ ಶುಲ್ಕದ ಮೇಲೆ ‘ಪೆಟ್ರೋಲಿಗೆ’ ಎಂದು ಕೇಳುವ ಪದ್ಧತಿಗೆ ಇದಕ್ಕಿಂತ ಅಗ್ಗದ ಮದ್ದು ನಮಗೆ ತೋಚುವುದಿಲ್ಲ.

ಸದಸ್ಯ ಬಾಂಧವರು ತಾವೂ ಒಂದು ಕೆಲಸ ಮಾಡಬಹುದು. ಅಳತೆಯ ದಿನಕ್ಕೆ ಮೊದಲೇ ಭೂಮಾಪನ ಕಚೇರಿಯಿಂದ ತಮ್ಮ ಸರ್ವೆ ನಂಬರಿನ ಟಿಪ್ಪಣಿ ಮತ್ತು ಆಕಾರ್‌ಬಂದ್ ನಕಲು ಪಡೆದಿಟ್ಟುಕೊಳ್ಳಿ, ಗಡಿಯ ಗಿಡಗಂಟಿ ಸವರಿಸಿಡಿ, ನೆರೆಯವರನ್ನು ಬಾಯಿಮಾತಿನಿಂದಲಾದರೂ ಕರೆಯಿರಿ.