ನಾಡಿ ತಪ್ಪಿದವನಿಗೆ ಅರ್ಧ ದಿನದ ರಜೆ



ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ಬೆಳಗಿನ ಜಾವ ದೋಸೆ ಕಾವಲಿಯ ಮುಂದೆ ನಿಂತಲ್ಲಿಯೇ ಕುಸಿದರು. ಸಟ್ಟುಗ ಹಿಡಿದಿದ್ದ ಬಲಗೈ ಜೋತುಬಿದ್ದಿತ್ತು, ಕರೆದರೆ ಮಾತಿಲ್ಲ. ವಯಸ್ಸು ಮೂವತ್ತೆಂಟು. ಜೀವ ಉಳಿದಿದೆ, ಕೈಯೂ ಮಾತೂ ಇನ್ನೂ ಮರಳಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನಲ್ಲಿರುವ ತಾಯಿಗೆ ಪೂರ್ತಿ ಸಂಗತಿಯನ್ನು ಇನ್ನೂ ತಿಳಿಸಿಲ್ಲ.

ಖೋಲಿಯಲ್ಲಿ ಅವರ ಟ್ರಂಕು ತೆರೆದಾಗ ಎರಡು ದಾಖಲೆಗಳು ಸಿಕ್ಕವು. ಒಂದು, ಯಾವುದೋ ತಪಾಸಣಾ ಶಿಬಿರದ ರಕ್ತಪರೀಕ್ಷೆಯ ವರದಿ, ಅದರಲ್ಲಿ ಜಿ.ಜಿ.ಟಿ. ಎಂಬ ಅಂಕೆಯ ಸುತ್ತ ಕೆಂಪು ವೃತ್ತ. ಇನ್ನೊಂದು, ದೊಡ್ಡ ಆಸ್ಪತ್ರೆಯ ಹಳೆಯ ಪುಸ್ತಕ. ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕಿರಿದಾಗಿದೆ, ನಾಡಿ ಕ್ರಮ ತಪ್ಪಿದೆ, ವಾರ್ಫರಿನ್ ಮಾತ್ರೆ ತಪ್ಪಿಸಕೂಡದು, ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬರತಕ್ಕದ್ದು ಎಂದು ಅದರಲ್ಲಿ ಬರೆದಿತ್ತು. ಕೊನೆಯ ಪರೀಕ್ಷೆಯಾಗಿ ಐದು ತಿಂಗಳು ಕಳೆದಿತ್ತು; ಮಾತ್ರೆಯ ಪಟ್ಟಿಗಳು ಖಾಲಿ. ಕೆಂಪು ವೃತ್ತಕ್ಕೆ ಹೆದರಿ ಅವರು ಯಕೃತ್ತಿನ ಟಾನಿಕ್ಕನ್ನು ಮೂರು ಬಾಟಲಿ ಕುಡಿದಿದ್ದರು.

ಪರೀಕ್ಷೆಗೆ ಏಕೆ ಹೋಗಲಿಲ್ಲ? ಆಸ್ಪತ್ರೆಯ ಸಾಲು ಬೆಳಗಿನದು, ಹೋಟೆಲಿನ ಗಿರಾಕಿಯೂ ಬೆಳಗಿನದೇ. ಎರಡು ಸಲ ಕೇಳಿ ಹೋದಾಗ ಇಡೀ ದಿನದ ಪಗಾರ ಕತ್ತರಿಸಿದರು. ಮೂರನೆಯ ಸಲ ಅವರು ಕೇಳಲೇ ಇಲ್ಲ. ಆ ಹೋಟೆಲಿನ ಹೆಸರನ್ನೂ ನಾವು ಬರೆಯುವುದಿಲ್ಲ. ಇದು ಒಂದೇ ಹೋಟೆಲಿನ ಕತೆಯಾಗಿದ್ದರೆ ಸಂಪಾದಕೀಯ ಬರೆಯುವ ಅಗತ್ಯವಿರಲಿಲ್ಲ.

ಏಳನೆಯ ತರಗತಿ ಮುಗಿಸಿ ಮೋರಿಯಲ್ಲಿ ಕಪ್ಪು ತೊಳೆಯಲು ನಿಂತವರು ನಾವು. ಆದುದರಿಂದ ವೈದ್ಯರಲ್ಲಿ ಕೇಳಿ ತಿಳಿದುದನ್ನು ನಮ್ಮ ಮಾತಿನಲ್ಲೇ ಹೇಳುತ್ತೇವೆ. ವರದಿಯ ‘ಎನ್‌ಜೈಮ್’ಗೆ ಪುಸ್ತಕದ ಕನ್ನಡದಲ್ಲಿ ಕಿಣ್ವವೆಂದು ಹೆಸರು. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಾಗ ಉಕ್ಕಿ ಬರುವುದೂ ಕಿಣ್ವಗಳ ಕೆಲಸವೇ. ಅಂಥವು ನಮ್ಮ ದೇಹದಲ್ಲೂ ಇವೆ. ಯಕೃತ್ತು ಕೆಟ್ಟಾಗ ಕೆಲವು ರಕ್ತದಲ್ಲಿ ಹೆಚ್ಚಾಗಿ ಕಾಣಿಸುತ್ತವೆ. ಜಿ.ಜಿ.ಟಿ. ಅವುಗಳಲ್ಲೊಂದು. ಕುಡಿತದಿಂದ ಅದು ಏರುತ್ತದೆ, ನಿಜ. ಆದರೆ ಯಕೃತ್ತಿನಲ್ಲಿ ಕೊಬ್ಬು ಸೇರಿದರೂ, ಪಿತ್ತನಾಳ ಕಟ್ಟಿದರೂ, ಕೆಲವು ಔಷಧಗಳಿಂದಲೂ ಏರುತ್ತದೆ. ಹೃದಯ ಸೋತು ಯಕೃತ್ತಿನಲ್ಲಿ ರಕ್ತ ತುಂಬಿ ನಿಂತರೂ ಏರುತ್ತದೆ. ನಮ್ಮ ಗೆಳೆಯರು ಹೆಂಡ ಮುಟ್ಟಿದವರಲ್ಲ. ಅಂಕೆ ನೋಡಿದೊಡನೆ ‘ಕುಡುಕ’ ಎಂದು ಹಣೆಪಟ್ಟಿ ಹಚ್ಚುವ ಮೆನೇಜರರು ಇದನ್ನು ಓದಲಿ.

ಅಮೆರಿಕದ ನಾಲ್ಕು ಕಡೆ 1987ರಿಂದ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಜಿ.ಜಿ.ಟಿ. ಹೆಚ್ಚಿದ್ದವರಲ್ಲಿ ಮುಂದೆ ನಾಡಿ ಕ್ರಮ ತಪ್ಪುವುದೂ ಹೆಚ್ಚೆಂದು ಅದು 2014ರಲ್ಲಿ ವರದಿ ಮಾಡಿತು. ಕಿಣ್ವವೇ ಹೃದಯವನ್ನು ಕೆಡಿಸಿತೆಂದು ಇದರ ಅರ್ಥವಲ್ಲ. ಒಂದೇ ಒಲೆಯ ಹೊಗೆ ಎರಡು ಕಿಟಕಿಗಳಿಂದ ಬಂದಂತೆ ಇರಬಹುದು. ಆದರೆ ಕೆಂಪು ವೃತ್ತ ಕಂಡವನು ಟಾನಿಕ್ಕಿನ ಅಂಗಡಿಗೆ ಓಡುವ ಬದಲು ವೈದ್ಯರ ಮುಂದೆ ಕೈ ಚಾಚಿ ‘ನಾಡಿ ನೋಡಿ’ ಎನ್ನಬೇಕು. ಕುಡಿಯುವವರಿಗೂ ಒಂದು ಮಾತು: ರಜೆಯ ದಿನಗಳಲ್ಲಿ ಮಿತಿಮೀರಿ ಕುಡಿದವರ ಹೃದಯ ಹೀಗೆ ತಾಳ ತಪ್ಪುವುದನ್ನು ನ್ಯೂ ಜರ್ಸಿಯ ವೈದ್ಯರು 1978ರಲ್ಲೇ ಬರೆದು, ಅದಕ್ಕೆ ‘ರಜೆಯ ಹೃದಯ’ವೆಂದೇ ಹೆಸರಿಟ್ಟರು. ಪಗಾರದ ರಾತ್ರಿ ಇದು ನೆನಪಿರಲಿ.

ನಾಡಿ ತಪ್ಪಿದರೆ ಲಕ್ವ ಹೇಗೆ ಹೊಡೆಯುತ್ತದೆ? ಹೃದಯದ ಮೇಲಿನ ಎರಡು ಕೋಣೆಗಳು ಸರಿಯಾಗಿ ಹಿಂಡುವ ಬದಲು ಬರಿದೇ ಅದುರುತ್ತವೆ. ಎಡಗಡೆಯ ಕೋಣೆಗೆ ಅಂಟಿದ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಹೊರಟು ಮಿದುಳಿನ ನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ ಅಧ್ಯಯನದಂತೆ ಇಂಥವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು. ಕೀಲುಜ್ವರದಿಂದ ಕವಾಟವೂ ಕೆಟ್ಟಿದ್ದರೆ 17 ಪಟ್ಟು. ಒಂದೇ ಖೋಲಿಯಲ್ಲಿ ಹತ್ತಾರು ಜನ ಮಲಗುವಲ್ಲಿ ಗಂಟಲುನೋವು ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಕೀಲುಜ್ವರ ಅದರ ಬೆನ್ನ ಹಿಂದೆ ಬರುತ್ತದೆ. ಇದು ಬಡವರ ಮಕ್ಕಳ ಕಾಯಿಲೆ.

ವಾರ್ಫರಿನ್ನಿನ ಹುಟ್ಟೂ ಬಡವನ ಕೊಟ್ಟಿಗೆಯಲ್ಲೇ. 1933ರಲ್ಲಿ ವಿಸ್ಕಾನ್ಸಿನ್‌ನ ರೈತನೊಬ್ಬ, ಕೊಳೆತ ಹುಲ್ಲು ತಿಂದು ಸತ್ತ ದನವನ್ನೂ ಹೆಪ್ಪುಗಟ್ಟದ ಅದರ ರಕ್ತವನ್ನೂ ಹೊತ್ತು, ಹಿಮದಲ್ಲಿ ಮ್ಯಾಡಿಸನ್ನಿನ ಪ್ರಯೋಗಶಾಲೆಗೆ ಬಂದ. ಅಲ್ಲಿನ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ಅದರ ಗುಟ್ಟು ಬಿಡಿಸಿದರು. ಅದರಿಂದ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಪೇಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧವಾಯಿತು. 1955ರಲ್ಲಿ ಹೃದಯಾಘಾತವಾದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೂ ಅದನ್ನೇ ಕೊಟ್ಟರು. ರಕ್ತ ಹೆಪ್ಪುಗಟ್ಟಿಸುವ ಸಾಮಗ್ರಿಯನ್ನು ಯಕೃತ್ತು ತಯಾರಿಸಬೇಕಾದರೆ ‘ಕೆ’ ಜೀವಸತ್ವವನ್ನು ಮತ್ತೆ ಮತ್ತೆ ಬಳಕೆಗೆ ತರುವ ಒಂದು ಕಿಣ್ವ ಬೇಕು. ವಾರ್ಫರಿನ್ ಆ ಕಿಣ್ವವನ್ನೇ ತಡೆಯುತ್ತದೆ. ಇದರಿಂದ ಲಕ್ವದ ಅಪಾಯ ಸುಮಾರು ಮೂರರಲ್ಲಿ ಎರಡು ಪಾಲು ತಗ್ಗುತ್ತದೆ.

ಆದರೆ ಮಾತ್ರೆ ಕಡಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಐ.ಎನ್.ಆರ್. ಎಂಬ ಪರೀಕ್ಷೆಯಲ್ಲಿ ಅಂಕೆ ಸಾಮಾನ್ಯವಾಗಿ 2 ಮತ್ತು 3ರ ನಡುವೆ ನಿಲ್ಲಬೇಕು. ಒಂದು ವಾರ ಹರಿವೆ, ಬಸಳೆಯನ್ನು ಬುಟ್ಟಿಗಟ್ಟಲೆ ತಿಂದು ಮರುವಾರ ಬಿಟ್ಟರೂ, ಬೆನ್ನುನೋವಿಗೆ ಅಂಗಡಿಯ ಮಾತ್ರೆ ನುಂಗಿದರೂ, ಯಕೃತ್ತು ಕೆಟ್ಟರೂ ಲೆಕ್ಕ ತಪ್ಪುತ್ತದೆ. ಪರೀಕ್ಷೆ ಬೇಡದ ಹೊಸ ಮಾತ್ರೆಗಳು ಬಂದಿಲ್ಲವೇ ಎಂದು ಕೆಲವು ಮಾಲಕರು ಕೇಳುತ್ತಾರೆ. ಬಂದಿವೆ, ಅನೇಕರಿಗೆ ಒಳ್ಳೆಯವೇ. ಆದರೆ ಕೀಲುಜ್ವರದ ಕವಾಟರೋಗಿಗಳಿಗೆ ಅಂಥ ಒಂದು ಹೊಸ ಮಾತ್ರೆಗಿಂತ ಹಳೆಯ ಔಷಧವೇ ಮೇಲೆಂದು, ನಮ್ಮ ದೇಶದ ರೋಗಿಗಳೂ ಸೇರಿದ್ದ ದೊಡ್ಡ ಪರೀಕ್ಷೆಯೊಂದು 2022ರಲ್ಲಿ ತೋರಿಸಿತು. ಆದುದರಿಂದ ಇವರಿಗೆ ತಿಂಗಳ ಪರೀಕ್ಷೆ ತಪ್ಪದು.

ನಮ್ಮ ಬೇಡಿಕೆ ಇಷ್ಟೇ. ಆಸ್ಪತ್ರೆಯ ಪುಸ್ತಕ ತೋರಿಸಿದ ಕಾರ್ಮಿಕನಿಗೆ ತಿಂಗಳಿಗೆ ಅರ್ಧ ದಿನ ಪಗಾರಸಹಿತ ರಜೆ. ವರ್ಷಕ್ಕೆ ಲೆಕ್ಕ ಹಾಕಿದರೆ ಆರು ದಿನ. ಒಬ್ಬ ನುರಿತ ದೋಸೆ ಭಟ್ಟನನ್ನು ಕಳೆದುಕೊಂಡು ಹೊಸಬನನ್ನು ಪಳಗಿಸಲು ಎಷ್ಟು ದಿನ ಬೇಕೆಂದು ಗಲ್ಲೆಯಲ್ಲಿ ಕುಳಿತವರೇ ಹೇಳಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದುದೂ ಉಂಟು. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಮೇಲೆ ಬೆರಳುಗಳನ್ನಿಟ್ಟು ಪೂರ್ತಿ ಒಂದು ನಿಮಿಷ ನಾಡಿ ನೋಡಿರಿ. ಗ್ರೈಂಡರಿನ ಕಲ್ಲಿನಂತೆ ಒಂದೇ ಲಯವಿದ್ದರೆ ಸರಿ. ಎರಡು ಬೇಗ, ಒಂದು ತಡ, ಮತ್ತೆ ಮೂರು ಬೇಗ ಎಂಬಂತೆ ಲೆಕ್ಕಕ್ಕೆ ಸಿಗದಿದ್ದರೆ ಇ.ಸಿ.ಜಿ. ಮಾಡಿಸಿರಿ. ಮಿಲ್ಲುಗಳಲ್ಲಿ ಸವೆದು, 1982ರ ಮುಷ್ಕರದ ತರುವಾಯ ಮನೆ ಸೇರಿದ ನಮ್ಮ ಹಿರಿಯರು ಇದನ್ನು ತಪ್ಪದೆ ಮಾಡಬೇಕು. ವಯಸ್ಸಾದಷ್ಟೂ ಈ ರೋಗ ಹೆಚ್ಚು. ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿಕೊಂಡು, ಸಿ.ಟಿ. ಯಂತ್ರವಿರುವ ದೊಡ್ಡ ಆಸ್ಪತ್ರೆಗೆ ನೇರ ಹೊರಡಿರಿ. ಹೆಪ್ಪು ಕರಗಿಸುವ ಸೂಜಿಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ವಾರ್ಫರಿನ್ ನುಂಗುತ್ತಿದ್ದರೆ ಆ ಪುಸ್ತಕ ಜೊತೆಯಲ್ಲಿರಲಿ. ಮಾತ್ರೆ ತಪ್ಪಿದವರು ತಾವಾಗಿ ಎರಡೆರಡು ನುಂಗಕೂಡದು, ವೈದ್ಯರನ್ನು ಕಾಣಬೇಕು.

ವಾರ್ಫರಿನ್ ತೆಗೆದುಕೊಳ್ಳುತ್ತಿರುವ ಸದಸ್ಯರು ಈ ತಿಂಗಳೊಳಗೆ ಸಂಘದ ಕಚೇರಿಗೆ ಬಂದು ತಿಳಿಸಬೇಕಾಗಿ ಕೋರುತ್ತೇವೆ. ಕೆಲಸ ಹೋದೀತೆಂಬ ಅಂಜಿಕೆ ಹಲವರಿಗಿರುವುದು ನಮಗೆ ಗೊತ್ತು. ಮಾಲಕರ ಮುಂದೆ ಇಡುವ ಅರ್ಜಿಯಲ್ಲಿ ಎಷ್ಟು ಜನ ಎಂಬ ಸಂಖ್ಯೆ ಮಾತ್ರ ಇರುತ್ತದೆ, ಯಾರ ಹೆಸರೂ ಇರುವುದಿಲ್ಲ.