ಅದು ತಲೆಸುತ್ತಲ್ಲ, ತೂಗಾಟ!

ನಮ್ಮಲ್ಲಿ ಎಲ್ಲದಕ್ಕೂ ಒಂದೇ ಪದ, 'ತಲೆಸುತ್ತು'. ಬಿಪಿ ಇಳಿದರೂ ತಲೆಸುತ್ತು, ಏಕಾದಶಿ ಉಪವಾಸ ಮಾಡಿದರೂ ತಲೆಸುತ್ತು. ಹಡಗಿಳಿದು ಮೂರು ವಾರವಾದರೂ ನೆಲ ತೂಗುತ್ತಿದ್ದರೆ ಅದೂ ತಲೆಸುತ್ತೇ! ಈ ಕೊನೆಯದನ್ನು ದಯವಿಟ್ಟು ಆ ಗುಂಪಿಗೆ ಸೇರಿಸಬೇಡಿ ಅನ್ನೋದು ನನ್ನ ವಾದ.

ಜಯನಗರ ನಾಲ್ಕನೇ ಬ್ಲಾಕಿನ ಆಂಟಿಯೊಬ್ಬರು ಅಂಡಮಾನ್‌ನಿಂದ ಚೆನ್ನೈಗೆ ಹಡಗಿನಲ್ಲಿ ವಾಪಸ್ ಬಂದರು. ಹಡಗಲ್ಲಿ ಒಂದು ವಾಂತಿ ಕೂಡ ಇಲ್ಲ. ಮನೆಗೆ ಬಂದ ಮೇಲೆ ಶುರು.. ಒಲೆ ಮುಂದೆ ನಿಂತರೆ ಉಯ್ಯಾಲೆ ಮೇಲೆ ನಿಂತ ಹಾಗೆ. ಒಬ್ಬ ಡಾಕ್ಟರು ಗ್ಯಾಸ್ ಅಂದರು, ಇನ್ನೊಬ್ಬರು ಕತ್ತಿನ ಮೂಳೆ ಸವೆತ ಅಂದರು. ಎಂಆರ್‌ಐಯಲ್ಲಿ ಏನೂ ಕಾಣದಿದ್ದಾಗ ಮನೆಯವರೇ 'ಎಲ್ಲಾ ನಿನ್ನ ಭ್ರಮೆ' ಅಂದುಬಿಟ್ಟರು. ಪಾಪ, ಅವರು ಒಂದು ಮಾತು ಹೇಳ್ತಾನೇ ಇದ್ದರು: "ಆಟೋ ಓಡ್ತಿರೋವಾಗ ಚೆನ್ನಾಗಿರ್ತೀನಿ, ಇಳಿದ ಕೂಡಲೇ ಮತ್ತೆ ಶುರು." ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುಟ್ಟಿರೋದೇ ಅಲ್ಲಿ! ಹಡಗಿಳಿದ ಮೇಲೆ ಒಂದೆರಡು ದಿನ ನೆಲ ತೂಗಿದಂತೆ ಅನ್ನಿಸೋದು ಎಷ್ಟೋ ಜನಕ್ಕೆ ಸಹಜ. ಅದು ೪೮ ಗಂಟೆ ದಾಟಿಯೂ ಉಳಿದು, ವಾಹನ ಚಲಿಸುವಾಗ ಮಾತ್ರ ಕಡಿಮೆಯಾದರೆ ಅದಕ್ಕೆ 'ಮಾಲ್ ದ ದೆಬಾರ್ಕ್‌ಮಾ' ಅಂತ ಹೆಸರು. ಫ್ರೆಂಚಿನಲ್ಲಿ ಹಡಗಿಳಿದಾಗ ಬರುವ ಕಾಯಿಲೆ ಅಂತ. ಸಮತೋಲನದ ತೊಂದರೆಗಳನ್ನು ಅಭ್ಯಸಿಸುವ ಬಾರಾನಿ ಸೊಸೈಟಿ ೨೦೨೦ರಲ್ಲಿ ಇದನ್ನು ಗುರುತಿಸುವ ನಿಯಮಗಳನ್ನೇ ಪ್ರಕಟಿಸಿದೆ. ಹೆಚ್ಚಾಗಿ ಕಾಣಿಸಿಕೊಳ್ಳೋದು ನಡುವಯಸ್ಸಿನ ಹೆಂಗಸರಲ್ಲಿ. ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಏನೂ ಸಿಗಲ್ಲ. ಹಡಗಿನ ಓಲಾಟಕ್ಕೆ ಹೊಂದಿಕೊಂಡ ಮೆದುಳು ಆ ಅಭ್ಯಾಸ ಬಿಡ್ತಿಲ್ಲ ಅನ್ನೋದು ತಜ್ಞರ ಊಹೆ. ೨೦೧೪ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್‌ನಲ್ಲಿ ಮಿಂಗ್‌ಜಿಯಾ ದಾಯ್ ಮತ್ತು ಸಂಗಡಿಗರು, ಸುತ್ತ ಚಲಿಸುವ ಪಟ್ಟೆಗಳನ್ನು ತೋರಿಸಿ ತಲೆಯನ್ನು ಅತ್ತಿತ್ತ ವಾಲಿಸುವ ಚಿಕಿತ್ಸೆ ಮಾಡಿ ಹಲವರಿಗೆ ಗುಣ ಕಂಡರು. ಎಲ್ಲರಿಗೂ ಅಲ್ಲ ಅನ್ನೋದೂ ನಿಜ.

'ಗಾಡಿಯಲ್ಲಿ ಕೂತಾಗ ಹೇಗಿರುತ್ತೆ?' ಅಂತ ಕೇಳೋಕೆ ಡಾಕ್ಟರಿಗೆ ಖರ್ಚೇನು? ಆ ಒಂದು ಪ್ರಶ್ನೆಗೆ ಮೊದಲು ಸಾವಿರಾರು ರೂಪಾಯಿಯ ಸ್ಕ್ಯಾನ್ ಬರುತ್ತಲ್ಲ, ನನ್ನ ಸಿಟ್ಟು ಅದರ ಮೇಲೆ.

ಇನ್ನೊಂದು ತಮಾಷೆ ನೋಡಿ. ನಿಮ್ಹಾನ್ಸ್ ನಮ್ಮ ಪಕ್ಕದಲ್ಲೇ ಇದೆ. ೧೯೭೪ರಿಂದ ಅದರ ಹೆಸರಲ್ಲೇ ನರವಿಜ್ಞಾನವೂ ಇದೆ. ಆದರೂ ಆಂಟಿಗೆ "ಅಲ್ಲಿಗೆ ಹೋದರೆ ನಂಟರು ಏನಂದುಕೊಳ್ತಾರೆ?" ಅನ್ನೋ ಚಿಂತೆ. ಕೂತಲ್ಲೇ ಮನೆ ತೂಗ್ತಿದ್ದರೂ ನಂಟರ ಚಿಂತೆ ಮಾತ್ರ ಅಲುಗಾಡಲ್ಲ :)

ಹಡಗು, ದೋಣಿ, ಉದ್ದದ ವಿಮಾನಯಾನ.. ಯಾವುದಾದರೂ ಆದಮೇಲೆ ಹೀಗಾದರೆ 'ತಲೆಸುತ್ತು' ಅಂತ ಹೇಳಿ ಸುಮ್ಮನಾಗಬೇಡಿ. ತೂಗ್ತಿದೆಯೋ, ತಿರುಗ್ತಿದೆಯೋ, ಯಾವ ದಿನ ಶುರುವಾಯ್ತು, ಗಾಡಿಯಲ್ಲಿ ಹೇಗಿರುತ್ತೆ ಅಂತ ಬಿಡಿಸಿ ಹೇಳಿ. ಅಂದಹಾಗೆ, ಕರಾವಳಿ ಕಡೆಯವರು ಯಾರಾದರೂ ಇದನ್ನು ಓದ್ತಿದ್ದೀರಾ? ನಿಮ್ಮಲ್ಲಿ ಇದಕ್ಕೆ ಬೇರೆ ಪದ ಇದ್ದರೆ ತಿಳಿಸಿ.